ಬಯಲನ್ನು ಫ್ರೇಮಿಗೆ ತರುವುದು ಹೇಗೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಫೋಟೊ ತೆಗೆಯುವವರಿಗೆ ಹಂತಹಂತದ ಮಾರ್ಗದರ್ಶಿ

"ಕಣ್ಣಿಗೆ ಭಾಳ ಚೊಲೋ ಕಂಡಿತ್ರಿ, ಫೋಟೊದಾಗ ನೋಡಿದ್ರ ಏನೂ ಇಲ್ಲ." ನವಲಗುಂದ, ರೋಣ, ಅಣ್ಣಿಗೇರಿ ಕಡೆಯ ಹೊಲಗಳಿಂದ ಫೋಟೊ ಕಳಿಸುವವರಲ್ಲಿ ಹೆಚ್ಚಿನವರು ಇದೇ ಮಾತು ಬರೆಯುತ್ತಾರೆ. ಚಿತ್ರಗಳೂ ಒಂದೇ ನಮೂನೆ. ಮೇಲರ್ಧ ಆಕಾಶ, ಕೆಳಗರ್ಧ ಮಣ್ಣು, ನಡುವೆ ಕಡ್ಡಿಯಷ್ಟು ಸಣ್ಣ ಮರ.

ಮಲೆನಾಡಿನಲ್ಲಿ ಕ್ಯಾಮೆರಾ ಎತ್ತಿದರೆ ಗುಡ್ಡವೋ ಜಲಪಾತವೋ ತಾನೇ ಬಂದು ಫ್ರೇಮ್ ತುಂಬುತ್ತದೆ. ನಮ್ಮ ಬಯಲುಸೀಮೆಯಲ್ಲಿ ಹಾಗೆ ತಾನಾಗಿ ತುಂಬುವುದು ಏನೂ ಇಲ್ಲ, ಕಟ್ಟಿಕೊಳ್ಳಬೇಕು. ಕಟ್ಟುವುದಕ್ಕೆ ಒಂದು ಕ್ರಮವಿದೆ. ಬಹಳ ಜನ ಆ ಕ್ರಮವನ್ನು ತಲೆಕೆಳಗು ಮಾಡುತ್ತಾರೆ: ಮೊದಲು ಮೊಬೈಲ್ ಎತ್ತುವುದು, ಆಮೇಲೆ ಜೂಮ್, ಬೆಳಕಿನ ಯೋಚನೆ ಎಲ್ಲಕ್ಕಿಂತ ಕೊನೆಗೆ. ಕಾಲು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ಬಿಟ್ಟರೆ ಮುಂದಿನ ಹಂತದ ಶ್ರಮ ನೀರಲ್ಲಿ ಹೋಗುತ್ತದೆ.

## ಬೇಕಾದ ಸಾಮಾನು

ಮೊಬೈಲ್ ಇದ್ದರೆ ಸಾಕು. ಅದರ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಗೆರೆಗಳನ್ನು ಚಾಲೂ ಮಾಡಿ, ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ. ಬೆರಳಿನ ಜಿಡ್ಡು ಅಂಟಿದ ಲೆನ್ಸಿನಲ್ಲಿ ಸೂರ್ಯನ ಕಡೆ ತಿರುಗಿಸಿ ತೆಗೆದ ಚಿತ್ರವೆಲ್ಲ ಮಬ್ಬಾಗುತ್ತದೆ.

ಕ್ಯಾಮೆರಾ ಇರುವವರಿಗೆ 18-55 ಮಿ.ಮೀ. ಲೆನ್ಸ್ ಮೊದಲನೆಯದು. ಎರಡನೆಯದು ಕೊಳ್ಳುವುದಾದರೆ ಈ ನೆಲಕ್ಕೆ 70-300ರಂಥ ದೂರದ ಲೆನ್ಸ್ ಕೊಳ್ಳಿ. ಅತಿ ಅಗಲದ ಲೆನ್ಸನ್ನು ಎಲ್ಲಕ್ಕಿಂತ ಕೊನೆಗೆ ಇಡಿ, ಬಯಲನ್ನು ಅದು ಇನ್ನಷ್ಟು ಖಾಲಿ ಮಾಡುತ್ತದೆ.

ಮಂಡಿಯೂರಲು ಒಂದು ಗೋಣಿಚೀಲದ ತುಂಡು ಇರಲಿ. ಯಾಕೆ ಅಂತ 4ನೇ ಹಂತದಲ್ಲಿ ಗೊತ್ತಾಗುತ್ತದೆ. ಟ್ರೈಪಾಡ್ ಒಯ್ಯುವವರು ಅದರ ಕಾಲಿನ ಕೆಳಗೆ ಇಡಲು ಮೂರು ಹಲಗೆ ತುಂಡು ಒಯ್ಯಬೇಕು. ಹಸಿ ಎರಿಯಲ್ಲಿ, ಅಂದರೆ ಕರಿ ಮಣ್ಣಿನಲ್ಲಿ, ಕಾಲು ನಿಧಾನಕ್ಕೆ ಇಳಿಯುತ್ತಲೇ ಇರುತ್ತದೆ, ಚಿತ್ರ ಅಲುಗುತ್ತದೆ.

## ಹಂತ 1: ಹೊತ್ತು ಮತ್ತು ದಿಕ್ಕು ಗೊತ್ತುಮಾಡಿಕೊಳ್ಳಿ

ಮನೆ ಬಿಡುವ ಮೊದಲೇ ಇದು ಮುಗಿದಿರಬೇಕು. ಹುಬ್ಬಳ್ಳಿ-ಧಾರವಾಡದ ಕಡೆ ಜನವರಿಯಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 7ರ ಹೊತ್ತಿಗೆ, ಜೂನ್ ಮೊದಲಿಗೆ 6ರ ಸುಮಾರಿಗೆ. ನವೆಂಬರ್ ಕೊನೆಗೆ ಸಂಜೆ 6ಕ್ಕೆಲ್ಲ ಹೊತ್ತು ಮುಳುಗಿರುತ್ತದೆ. ನಡುಮಧ್ಯಾಹ್ನವೂ ಇಲ್ಲಿ ಗಡಿಯಾರದ 12ಕ್ಕೆ ಬರುವುದಿಲ್ಲ, ಸುಮಾರು 12.30ಕ್ಕೆ ಬರುತ್ತದೆ.

ದಿಕ್ಕು ಇದಕ್ಕಿಂತ ಮುಖ್ಯ. ಸೂರ್ಯ ಸರಿಯಾಗಿ ಪೂರ್ವಕ್ಕೆ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಮೂರನೇ ವಾರದ ಆಸುಪಾಸಿನಲ್ಲಿ ಮಾತ್ರ. ಡಿಸೆಂಬರ್ ಕೊನೆಗೆ ಅವನು ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ, ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೆ. ಕೈ ಉದ್ದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ಎರಡೂವರೆ ಮುಷ್ಟಿಯಷ್ಟು ಸರಿತ. "ಹೋದ ಸಲ ರಸ್ತೆಯ ತುದಿಗೇ ಸೂರ್ಯ ಬಂದಿದ್ದ, ಈ ಸಲ ಹೊಲದ ಹಿಂದೆ ಹೋಗಿದ್ದಾನೆ" ಎನ್ನುವವರಿಗೆ ಉತ್ತರ ಇದು. ಅದೇ ಮುಷ್ಟಿಯನ್ನು ಸಂಜೆ ಬಾನಂಚಿನ ಮೇಲೆ ಅಡ್ಡಡ್ಡ ಇಟ್ಟು ನೋಡಿ: ಸೂರ್ಯ ಒಂದು ಮುಷ್ಟಿ ಮೇಲಿದ್ದರೆ ನಿಮ್ಮ ಕೈಯಲ್ಲಿ ಮುಕ್ಕಾಲು ಗಂಟೆ ಇದೆ.

ಗುಡಿಗಳ ಕೆತ್ತನೆ ತೆಗೆಯುವವರಿಗೆ ಈ ಲೆಕ್ಕ ಇನ್ನೂ ಬೇಕು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಹೊರಗೋಡೆಗೆ ಎದುರಿನಿಂದ ಬಿಸಿಲು ಬಿದ್ದಾಗ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ಗೋಡೆಯನ್ನು ಸವರಿಕೊಂಡು ಅಡ್ಡಡ್ಡ ಹಾಯ್ದಾಗ ಪ್ರತಿ ಗೆರೆಗೂ ಒಂದು ನೆರಳು ಬಂದು ಕಲ್ಲು ಎದ್ದು ನಿಲ್ಲುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣದಲ್ಲೇ ಸಾಗುವುದರಿಂದ ಉತ್ತರದ ಗೋಡೆಗಳಿಗೆ ಬಿಸಿಲು ತಾಕುವುದೇ ಇಲ್ಲ. ಮೇ ಮೊದಲ ವಾರಕ್ಕೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ ಎರಡನೇ ವಾರದ ಸುಮಾರಿಗೆ ತಿರುಗಿ ನೆತ್ತಿಗೆ ಬರುತ್ತಾನೆ. ಉತ್ತರದ ಗೋಡೆ ಬೇಕೆನ್ನುವವರು ಆ ನಡುವಿನ ತಿಂಗಳುಗಳಲ್ಲಿ ಹೋಗಬೇಕು.

ಎಚ್ಚರಿಕೆಯ ಗುರುತು: ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಯಲು ದೃಶ್ಯದ ಹೊತ್ತು ಮೀರಿದೆ. ಉಬ್ಬುತಗ್ಗು ಕಾಣುವುದಿಲ್ಲ. ಮನೆಯೊಳಗಿನ, ಮಾಳಿಗೆಯ ನೆರಳಿನ, ಗುಡಿಯ ಕಂಬಸಾಲಿನ ಫೋಟೊಗಳನ್ನು ಆಗ ತೆಗೆಯಿರಿ.

## ಹಂತ 2: ಕ್ಯಾಮೆರಾ ಚೀಲದಲ್ಲಿರುವಾಗಲೇ ವಿಷಯ ಆರಿಸಿ

ನಿಂತು ನೋಡಿ. ಯಾವುದು ನಿಮ್ಮನ್ನು ನಿಲ್ಲಿಸಿತು ಎಂಬುದನ್ನು ಒಂದೇ ಮಾತಿನಲ್ಲಿ ಹೇಳಿಕೊಳ್ಳಿ. "ಹೊಲ ಚೆಂದ ಐತಿ" ಎಂದರೆ ಇನ್ನೂ ವಿಷಯ ಸಿಕ್ಕಿಲ್ಲ. "ಕುಂಟೆ ಹೊಡೆದ ಕರಿ ಮಣ್ಣಿನ ನಡುವೆ ಒಂದೇ ಒಂದು ಬನ್ನಿ ಮರ" ಎಂದರೆ ಸಿಕ್ಕಿತು. ಆ ಮಾತಿನಲ್ಲಿ ಬಾರದ ವಿದ್ಯುತ್ ಕಂಬ, ದೂರದ ಗೋದಾಮು, ನಿಂತ ಬೈಕು ಇವೆಲ್ಲ ಫ್ರೇಮಿನಿಂದ ಹೊರಗೆ ಹೋಗಬೇಕಾದವು.

ಎರಡು ವಿಷಯ ಒಟ್ಟಿಗೆ ಸೆಳೆದರೆ ಎರಡು ಫೋಟೊ ತೆಗೆಯಿರಿ.

## ಹಂತ 3: ನಡೆಯಿರಿ, ಆಮೇಲೆ ನಿಲ್ಲಿ

ಫೋನಿನ ಮುಖ್ಯ ಲೆನ್ಸ್ ನೋಡುವ ಅಗಲ ದೊಡ್ಡದು; ಹೆಚ್ಚಿನ ಫೋನುಗಳಲ್ಲಿ 24-26 ಮಿ.ಮೀ. ಲೆನ್ಸಿಗೆ ಸಮ. ನಿಮ್ಮ ಗಮನವಾದರೋ ಒಂದು ಮರದ ಮೇಲೆ ನೆಟ್ಟಿರುತ್ತದೆ. ಹತ್ತು ಮೀಟರ್ ಎತ್ತರದ ಬೇವಿನ ಮರ 300 ಮೀಟರ್ ದೂರದಲ್ಲಿದ್ದರೆ, ಅಡ್ಡ ಹಿಡಿದ ಫೋನಿನ ಫ್ರೇಮಿನ ಎತ್ತರದಲ್ಲಿ ಅದಕ್ಕೆ ಸಿಗುವುದು ಇಪ್ಪತ್ತೈದರಲ್ಲಿ ಒಂದು ಪಾಲಿಗಿಂತ ಕಡಿಮೆ. ಅದೇ ಮರದಿಂದ 60 ಮೀಟರಿಗೆ ಬಂದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಕಣ್ಣಿಗೆ ಚೆಂದ ಕಂಡು ಫೋಟೊದಲ್ಲಿ ಮಾಯವಾಗುವುದರ ಗುಟ್ಟು ಇಷ್ಟೇ.

ಮೊದಲು ಒಡ್ಡಿನ ಮೇಲೆ ನಡೆಯಿರಿ. ಬಿತ್ತಿದ ಸಾಲು ತುಳಿಯಬೇಡಿ, ಹೊಲದವರು ಇದ್ದರೆ ಕೇಳಿ ಒಳಗೆ ಹೋಗಿ. "ಒಂದ್ ಫೋಟೊ ತಗೀತೀನ್ರಿ" ಎಂದರೆ ಬೇಡ ಎನ್ನುವವರು ಕಡಿಮೆ. ಎಲ್ಲಿ ಹಾವು, ಎಲ್ಲಿ ಜಾಲಿ ಮುಳ್ಳು ಎಂಬುದನ್ನೂ ಅವರೇ ಹೇಳುತ್ತಾರೆ.

ನಡೆಯುವಾಗ ಎರಡು ವಿಷಯ ನೋಡುತ್ತಿರಿ. ಒಂದು, ಕಾಲ ಬುಡದಲ್ಲಿ ಏನಿದೆ? ಕುಸುಬಿ ಹೂ, ಬಿರುಕುಬಿಟ್ಟ ಎರಿ, ಕೊಯ್ದ ಜೋಳದ ಕೂಳೆ, ಮಳೆನೀರು ನಿಂತ ಚಕ್ಕಡಿ ಜಾಡು, ಹೀಗೆ ಯಾವುದಾದರೂ ಒಂದು ಮುನ್ನೆಲೆಗೆ ಸಿಗಬೇಕು. ಎರಡು, ದೂರದ ವಸ್ತುಗಳು ಒಂದರ ಮೇಲೊಂದು ಬೀಳುತ್ತಿವೆಯೇ? ಬಣವಿಯ ಹಿಂದೆ ಮರ ಬಂದರೆ ಎರಡೂ ಸೇರಿ ಒಂದು ಮುದ್ದೆಯಾಗುತ್ತವೆ. ನಾಲ್ಕು ಹೆಜ್ಜೆ ಎಡಕ್ಕೆ ಸರಿದರೆ ನಡುವೆ ಬೆಳಕಿನ ಸಂದು ಬಿಟ್ಟುಕೊಳ್ಳುತ್ತದೆ. ಆ ಸಂದು ಕಾಣುವವರೆಗೆ ನಿಲ್ಲಬೇಡಿ.

ಕುಂಟೆಯ ಸಾಲು, ಕೂರಿಗೆಯ ಸಾಲು ಈ ನೆಲದ ದೊಡ್ಡ ಆಸ್ತಿ. ಸಾಲಿನ ಉದ್ದಕ್ಕೆ ನೋಡುತ್ತ ನಿಂತರೆ ಗೆರೆಗಳೆಲ್ಲ ದೂರಕ್ಕೆ ಓಡಿ ಒಂದು ಕಡೆ ಕೂಡುತ್ತವೆ. ಅವು ಕೂಡುವ ಜಾಗದಲ್ಲಿ ಏನಾದರೂ ಇರಲೇಬೇಕು: ಮರ, ಎತ್ತು, ಗುಡಿಸಲು, ಮನುಷ್ಯ. ಖಾಲಿ ಜಾಗಕ್ಕೆ ಓಡಿಸಿದ ಗೆರೆ ನೋಡುವವರ ಕಣ್ಣನ್ನು ಕರೆದುಕೊಂಡು ಹೋಗಿ ನಡುದಾರಿಯಲ್ಲಿ ಬಿಟ್ಟಂತೆ. ತುದಿಗೆ ಏನೂ ಇಲ್ಲವಾದರೆ ಸಾಲಿಗೆ ಅಡ್ಡವಾಗಿ ನಿಲ್ಲಿ. ಆಗ ಸಾಲುಗಳು ಪಟ್ಟೆಪಟ್ಟೆಯಾಗಿ ಹಾಸುತ್ತವೆ.

## ಹಂತ 4: ಕಣ್ಣಿನ ಎತ್ತರ ಬದಲಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸಮತಟ್ಟಾದ ನೆಲದಲ್ಲಿ ಬಾನಂಚು ಯಾವಾಗಲೂ ಕ್ಯಾಮೆರಾ ಇರುವ ಎತ್ತರದಲ್ಲೇ ವಸ್ತುಗಳನ್ನು ಹಾದುಹೋಗುತ್ತದೆ. ನಿಮ್ಮ ಕ್ಯಾಮೆರಾ ನೆಲದಿಂದ ಐದಡಿ ಮೇಲಿದ್ದರೆ, ಎದುರು ನಿಂತವರ ಐದಡಿ ಎತ್ತರದ ಜಾಗದಲ್ಲಿ ಗೆರೆ ಹಾಯುತ್ತದೆ. ಅವರು 10 ಮೀಟರ್ ದೂರವಿದ್ದರೂ ಅಷ್ಟೇ, 100 ಮೀಟರ್ ದೂರವಿದ್ದರೂ ಅಷ್ಟೇ. ಐದಡಿ ಎಂದರೆ ಬಹುತೇಕರ ಕುತ್ತಿಗೆ, ಬಾಯಿ, ಕಣ್ಣು. ನಮ್ಮ ಕಡೆಯ ಹೊಲದ ಫೋಟೊಗಳಲ್ಲಿ ರೈತನ ಕುತ್ತಿಗೆಯನ್ನು ಬಾನಂಚು ಕತ್ತರಿಸಿದ ಹಾಗೆ ಕಾಣುವುದಕ್ಕೆ ಕಾರಣ ಇದು. ಹಿಂದೆ ಸರಿದರೆ ಸರಿಹೋಗುವುದಿಲ್ಲ, ಜೂಮ್ ಮಾಡಿದರೂ ಹೋಗುವುದಿಲ್ಲ. ಕ್ಯಾಮೆರಾ ಏರಬೇಕು ಇಲ್ಲವೇ ಇಳಿಯಬೇಕು.

ಇಳಿಸುವುದು ಸುಲಭ. ಗೋಣಿಚೀಲ ಹಾಸಿ ಮಂಡಿಯೂರಿ. ಈಗ ಗೆರೆ ಸೊಂಟದ ಹತ್ತಿರಕ್ಕೆ ಬರುತ್ತದೆ, ತಲೆ, ಭುಜ, ಹೊತ್ತ ಬುಟ್ಟಿ ಎಲ್ಲ ಆಕಾಶದ ಮೇಲೆ ಬಿಡಿಯಾಗಿ ನಿಲ್ಲುತ್ತವೆ. ಎಳ್ಳಮಾಸಿಯ ದಿನ ಹೊಲದಲ್ಲಿ ಚರಗ (ನೈವೇದ್ಯದ ಅಡುಗೆ) ಚೆಲ್ಲುವಾಗ ಎಸೆದ ಕೈಯ ಪೂರ್ತಿ ಬೀಸು ಆಕಾಶದಲ್ಲಿ ಕಾಣಬೇಕೆಂದರೆ ಇನ್ನೂ ಕೆಳಗೆ ಹೋಗಿ, ಮೊಣಕೈ ಮಣ್ಣಿಗೆ ತಾಕುವಷ್ಟು.

ಏರಿಸಬೇಕೆಂದರೆ ಒಡ್ಡು, ನಿಂತ ಚಕ್ಕಡಿ, ಮನೆಯ ಮಾಳಿಗೆ. ಎತ್ತರದಿಂದ ನೋಡಿದಾಗ ಇಡೀ ಮನುಷ್ಯ ಮಣ್ಣಿನ ಹಿನ್ನೆಲೆಯೊಳಗೇ ಇಳಿಯುತ್ತಾನೆ. ಕರಿ ಮಣ್ಣಿನ ಮೇಲೆ ಬಿಳಿ ಧೋತರ, ಕೆಂಪು ಇಳಕಲ್ ಸೀರೆ ಎಷ್ಟು ಸ್ಪಷ್ಟ ಕಾಣುತ್ತವೆ ಎಂಬುದನ್ನು ಒಮ್ಮೆ ನೋಡಿದವರು ಮತ್ತೆ ನೆಲಮಟ್ಟಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಕಪ್ಪತಗುಡ್ಡದ ಏರಿನಿಂದ ಕೆಳಗಿನ ಹೊಲಗಳನ್ನು ನೋಡಿದರೆ ಎರಿ ಮತ್ತು ಮಸಾರಿ (ಕೆಂಪು ಮಣ್ಣು) ಪಟ್ಟಿಗಳು ಬೇರೆಬೇರೆಯಾಗಿ ಬಿಡಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಹುಬ್ಬಳ್ಳಿಯಲ್ಲಿರುವವರು ನೃಪತುಂಗ ಬೆಟ್ಟದ ಮೇಲೆ ನಿಂತು ಊರಿನ ಮಾಳಿಗೆಗಳ ಮೇಲೆ ಇದನ್ನು ಅಭ್ಯಾಸ ಮಾಡಬಹುದು.

ಉಣಕಲ್ ಕೆರೆಯ ನಡುವಿನ ವಿವೇಕಾನಂದರ ಮೂರ್ತಿಗೂ ಇದೇ ಪರೀಕ್ಷೆ. ಆಚೆ ದಡದ ಮರಗಳ ಗೆರೆ ಮೂರ್ತಿಯ ಯಾವ ಭಾಗದಲ್ಲಿ ಹಾಯುತ್ತಿದೆ ನೋಡಿ. ಮುಖದ ಮೇಲೆ ಹಾಯುತ್ತಿದ್ದರೆ ದಡದಲ್ಲಿ ಕುಳಿತು ನೋಡಿ, ಇಲ್ಲವೇ ಜಾಗ ಬದಲಿಸಿ.

ಇನ್ನು ಬಾನಂಚನ್ನು ಫ್ರೇಮಿನ ಯಾವ ಎತ್ತರದಲ್ಲಿ ಇಡಬೇಕು? ಆಕಾಶದಲ್ಲಿ ಹೇಳುವಂಥದ್ದು ಇದ್ದರೆ ಗೆರೆ ಕೆಳಗೆ, ಮಣ್ಣಿನಲ್ಲಿ ಇದ್ದರೆ ಮೇಲೆ. ಮುಂಗಾರಿನ ಮೋಡ ಕಟ್ಟಿಕೊಂಡು ಬರುವ ಜೂನ್ ಸಂಜೆ ಆಕಾಶಕ್ಕೆ ಮುಕ್ಕಾಲು ಪಾಲು ಕೊಡಿ. ಧಾರವಾಡದ ಜುಲೈ ಜಿಟಿಜಿಟಿ ಮಳೆಯ ಬಿಳಿ ಆಕಾಶಕ್ಕೆ ಏನೂ ಕೊಡಬೇಡಿ, ಪೂರ್ತಿ ತೆಗೆದುಹಾಕಿ. ಒದ್ದೆ ರಸ್ತೆ, ಕೊಡೆ, ಹಂಚಿನ ಮಾಡು ಇವುಗಳಿಗೆ ಆ ಮೆತ್ತನೆ ಬೆಳಕು ಬಹಳ ಒಳ್ಳೆಯದು. ನಟ್ಟನಡುವೆ ಗೆರೆ ಇಡುವುದು ನೀರಿನಲ್ಲಿ ಪೂರ್ತಿ ಪ್ರತಿಬಿಂಬ ಇದ್ದಾಗ ಮಾತ್ರ ಒಪ್ಪುತ್ತದೆ.

## ಹಂತ 5: ಈಗ ಲೆನ್ಸ್ ಆರಿಸಿ

ಜೂಮ್ ಮಾಡಿದರೆ ಹತ್ತಿರದ್ದೂ ದೂರದ್ದೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ಅವುಗಳ ನಡುವಿನ ಸಂಬಂಧ ಬದಲಾಗುವುದು ನೀವು ನಿಂತ ಜಾಗ ಬದಲಾದಾಗ ಮಾತ್ರ.

ಲೆಕ್ಕ ಹಾಕಿ ನೋಡಿ. ಚಕ್ಕಡಿ ನಿಮ್ಮಿಂದ 5 ಮೀಟರ್, ಅದರ ಹಿಂದಿನ ಮರ 100 ಮೀಟರ್. ನೀವು 15 ಮೀಟರ್ ಹಿಂದೆ ಸರಿದು ನಾಲ್ಕು ಪಟ್ಟು ಜೂಮ್ ಮಾಡಿದರೆ ಚಕ್ಕಡಿ ಮೊದಲಿನಷ್ಟೇ ದೊಡ್ಡದಾಗಿರುತ್ತದೆ, ಮರ ಮಾತ್ರ ಸುಮಾರು ಮೂರೂವರೆ ಪಟ್ಟು ಬೆಳೆದು ಚಕ್ಕಡಿಯ ಬೆನ್ನಿಗೆ ಬಂದು ನಿಂತಿರುತ್ತದೆ. ಗುಡ್ಡದ ಸಾಲು ಹಿನ್ನೆಲೆಗೆ ದೊಡ್ಡದಾಗಿ ಬೇಕೆಂದಾಗ ಹೀಗೆ ಹಿಂದೆ ಸರಿಯಬೇಕು. ಫೋನಿನಲ್ಲಿ ಬೇರೆ ಲೆನ್ಸ್ ಇರುವ 2 ಅಥವಾ 3 ಪಟ್ಟಿನ ಗುಂಡಿಯನ್ನೇ ಬಳಸಿ. ಬೆರಳಿನಿಂದ ಎಳೆದು ಹಿಗ್ಗಿಸಿದರೆ ಎಲೆಗಳೆಲ್ಲ ಬಣ್ಣ ಬಳಿದಂತೆ ಕಲಸಿಹೋಗುತ್ತವೆ.

ಗದಗದ ಗಾಳಿಯಂತ್ರಗಳಿಗೆ ದೂರದ ಲೆನ್ಸ್ ಚೆನ್ನಾಗಿ ಒಗ್ಗುತ್ತದೆ. ಇಲ್ಲಿ ಎಲ್ಲರೂ ಬಿಡುವ ಒಂದು ಸಣ್ಣ ವಿಷಯ: ಮೂರು ರೆಕ್ಕೆಗಳಲ್ಲಿ ಒಂದು ನೇರ ಕೆಳಗೆ ಬಂದ ಕ್ಷಣದಲ್ಲಿ ಒತ್ತಿದರೆ ಅದು ಕಂಬದ ಜೊತೆ ಸೇರಿಹೋಗಿ ಯಂತ್ರಕ್ಕೆ ಎರಡೇ ರೆಕ್ಕೆ ಇದ್ದಂತೆ ಕಾಣುತ್ತದೆ. ಸಾಲಾಗಿ ಹಲವು ಚಿತ್ರ ತೆಗೆದು ಮೂರೂ ಬಿಡಿಯಾಗಿ ಕಾಣುವುದನ್ನು ಇಟ್ಟುಕೊಳ್ಳಿ. ತಿರುಗುವಿಕೆ ಕಾಣಬೇಕೆಂದರೆ ಟ್ರೈಪಾಡಿನ ಮೇಲೆ ಸೆಕೆಂಡಿನ 1/15ರ ಆಸುಪಾಸಿನಲ್ಲಿ ಶಟರ್ ಇಟ್ಟು ನೋಡಿ.

## ಹಂತ 6: ನಾಲ್ಕು ಅಂಚು ಸುತ್ತಿ ಬನ್ನಿ

ಒತ್ತುವ ಮೊದಲು ಕಣ್ಣನ್ನು ಫ್ರೇಮಿನ ನಾಲ್ಕೂ ಅಂಚಿನ ಮೇಲೆ ಒಂದು ಸುತ್ತು ಹಾಯಿಸಿ. ಅರ್ಧ ಕತ್ತರಿಸಿದ ಬೈಕಿನ ಚಕ್ರ, ಮೂಲೆಯಲ್ಲಿ ತೂರಿದ ಕೊಂಬೆ, ಮೇಲೆ ಹಾಯ್ದ ತಂತಿ ಇವೆಲ್ಲ ಅಲ್ಲೇ ಅಡಗಿರುತ್ತವೆ. ಪೂರ್ತಿ ಒಳಗೆ ತನ್ನಿ ಇಲ್ಲವೇ ಪೂರ್ತಿ ಹೊರಗೆ ಹಾಕಿ. ನಡೆಯುವ ಎತ್ತು, ಹಾರುವ ಹಕ್ಕಿ ಇದ್ದರೆ ಅವು ಮುಖ ಮಾಡಿದ ಕಡೆ ಹೆಚ್ಚು ಜಾಗ ಬಿಡಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ವಿಷಯದಲ್ಲಿ ಇನ್ನೊಂದು ಮಾತು: ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿ ಎಬ್ಬಿಸಬೇಡಿ. ಹಿಮಾಲಯ ದಾಟಿ ಬಂದ ಹಕ್ಕಿಗಳು ಅವು. ಕುಳಿತ ಗುಂಪು ತಲೆ ಎತ್ತಿ ಒಂದೇ ಕಡೆ ನೋಡತೊಡಗಿದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ.

## ಹಂತ 7: ಬೆಳಕಿನ ಅಳತೆ

ಎದುರು ಏನಿದ್ದರೂ ಅದನ್ನು ನಡುಬೂದು ಮಾಡುವತ್ತ ಕ್ಯಾಮೆರಾದ ಅಳತೆ ವಾಲುತ್ತದೆ. ಹಾಗಾಗಿ ಫ್ರೇಮ್ ತುಂಬ ಎರಿ ಮಣ್ಣಿದ್ದರೆ ಅದು ಬೂದಿ ಬಣ್ಣಕ್ಕೆ ಬರುತ್ತದೆ; ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ). ಅರಳೆಯ ರಾಶಿ ಇದ್ದರೆ ಅದು ಮಾಸಿದ ಬಟ್ಟೆಯ ಬಣ್ಣಕ್ಕೆ ಇಳಿಯುತ್ತದೆ, ಅಷ್ಟೇ ಏರಿಸಿ. ಫೋನಿನಲ್ಲಿ ವಿಷಯದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಆಯಿತು.

ಕೆಂಪಿಗೆ ಬೇರೆ ಲೆಕ್ಕ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಗಳ ನೂರು ಫೋಟೊ ನೋಡಿದರೆ ಹೆಚ್ಚಿನವುಗಳಲ್ಲಿ ರಾಶಿ ಒಂದು ಕೆಂಪು ಕಲೆಯಾಗಿರುತ್ತದೆ, ಕಾಯಿ ಕಾಣುವುದಿಲ್ಲ. ಬ್ಯಾಡಗಿ ಕಾಯಿಯ ಗುರುತೇ ಅದರ ಸುಕ್ಕು. ಅದು ಹೋದರೆ ಯಾವ ಊರಿನ ಮೆಣಸಿನಕಾಯಿಯೂ ಆಗಬಹುದು. ಆಗುವುದೇನೆಂದರೆ, ಒಟ್ಟು ಬೆಳಕು ಸರಿಯಿದ್ದರೂ ಕೆಂಪು ಬಣ್ಣವೊಂದೇ ಮಿತಿ ಮೀರಿ ತುಂಬಿ ವಿವರ ಅಳಿಸಿಹೋಗುತ್ತದೆ. ಕ್ಯಾಮೆರಾದಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ತೆರೆದು ಕೆಂಪಿನ ಗುಡ್ಡ ಬಲತುದಿಗೆ ಹೊಡೆದಿದೆಯೇ ನೋಡಿ, ಹೊಡೆದಿದ್ದರೆ ಒಂದು ಸ್ಟಾಪಿನವರೆಗೆ ಇಳಿಸಿ. ಫೋನಿನವರು ಚಿತ್ರ ಹಿಗ್ಗಿಸಿ ನೋಡಿ: ಒಂದು ಕಾಯಿಯ ಮೇಲೆ ಸುಕ್ಕು ಎಣಿಸಲು ಬರುತ್ತಿದ್ದರೆ ಸರಿ. ಆಮೇಲೆ ಬಣ್ಣ ಹೆಚ್ಚಿಸುವ ಫಿಲ್ಟರ್ ಹಾಕಬೇಡಿ, ಉಳಿಸಿದ್ದೆಲ್ಲ ಹೋಗುತ್ತದೆ. ಚೀಲ ಸುರಿಯುವಾಗ ಏಳುವ ಘಾಟಿಗೆ ಮೂಗು ಬಾಯಿ ಕಟ್ಟಿಕೊಳ್ಳಿ, ಕೈ ತೊಳೆಯದೆ ಕಣ್ಣು ಮುಟ್ಟಬೇಡಿ, ಲೆನ್ಸನ್ನು ಅಲ್ಲಿ ಬಿಚ್ಚಲೇಬೇಡಿ.

## ಹಂತ 8: ಜನ ಇರುವ ದೃಶ್ಯ

ಇಲ್ಲಿಯ ಸಾಮಾನ್ಯ ತಪ್ಪು ಜನರನ್ನು ಬೆನ್ನಟ್ಟುವುದು. ಮುಖ ಕಂಡ ಕೂಡಲೇ ಒತ್ತಿದರೆ ಹಿಂದೆ ಜಾಹೀರಾತು ಫಲಕವೋ ಕಸದ ತೊಟ್ಟಿಯೋ ಬಂದಿರುತ್ತದೆ. ಹಿನ್ನೆಲೆ ಮೊದಲು ಆರಿಸಿ, ಅಂಚು ಕಟ್ಟಿ, ಆಮೇಲೆ ಮನುಷ್ಯ ಅದರೊಳಗೆ ಬರುವವರೆಗೆ ಕಾಯಿರಿ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ಹೊತ್ತು ಮುಳುಗಿದ 15-20 ನಿಮಿಷಕ್ಕೆ ಅಂಗಡಿಯ ದೀಪವೂ ಆಕಾಶದ ನೀಲಿಯೂ ಹೆಚ್ಚುಕಡಿಮೆ ಸಮ ಆಗುತ್ತವೆ. ಆ ಹೊತ್ತಿಗಿಂತ ಮೊದಲೇ ಜಾಗ ಹಿಡಿದಿರಬೇಕು. ಆಮೇಲೆ ಆಕಾಶ ಕಪ್ಪಾಗಿ ದೀಪಗಳು ಬಿಳಿ ಚುಕ್ಕೆಗಳಾಗುತ್ತವೆ.

ಮನೆಯೊಳಗಿನ ದೃಶ್ಯಕ್ಕೆ ರೊಟ್ಟಿ ಮಾಡುವುದನ್ನೇ ತೆಗೆದುಕೊಳ್ಳಿ. ಕಿಟಕಿ ಅಥವಾ ಬಾಗಿಲ ಬೆಳಕು ಪಕ್ಕದಿಂದ ಬರುವಂತೆ ಕುಳಿತುಕೊಳ್ಳಿ, ಟ್ಯೂಬ್‌ಲೈಟ್ ಆರಿಸಲು ಕೇಳಿ. ಎರಡು ಬಣ್ಣದ ಬೆಳಕು ಸೇರಿದರೆ ಹಿಟ್ಟು ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ ಬರುತ್ತದೆ. ತಟ್ಟುವಾಗ ಕೈ ಮೇಲೆದ್ದ ಕ್ಷಣಕ್ಕಿಂತ ಅಂಗೈ ಹಿಟ್ಟಿಗೆ ತಾಕಿ ರೊಟ್ಟಿ ತಿರುಗುವ ಕ್ಷಣ ಒಳ್ಳೆಯದು, ಬೆರಳುಗಳ ಅಚ್ಚು ಅಂಚಿನಲ್ಲಿ ಕಾಣುತ್ತದೆ. ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದಾಗ ಆವಿ ಏಳುತ್ತದೆ. ಆ ಆವಿ ಕಪ್ಪು ಹಿನ್ನೆಲೆಯ ಮುಂದೆ, ಪಕ್ಕದ ಅಥವಾ ಹಿಂದಿನ ಬೆಳಕಿನಲ್ಲಿ ಮಾತ್ರ ಕಾಣುತ್ತದೆ. ಒಲೆಯ ಹಿಂದಿನ ಮಸಿ ಹಿಡಿದ ಗೋಡೆ ಅದಕ್ಕೇ ಬಹಳ ಬೆಲೆಯುಳ್ಳದ್ದು. ಸುಣ್ಣ ಹೊಡೆದ ಗೋಡೆಯ ಕಡೆ ತಿರುಗಬೇಡಿ. ಬೆಟಗೇರಿಯ ಮಗ್ಗದ ಮನೆಗಳಲ್ಲೂ ಇದೇ ಕ್ರಮ: ಕಿಟಕಿ ಪಕ್ಕಕ್ಕೆ, ಕತ್ತಲು ಹಿಂದಕ್ಕೆ, ನೂಲಿನ ಎಳೆಗಳ ಮೇಲೆ ಬೆಳಕು ಜಾರುವ ಕಡೆ ನೀವು.

ಕೇಳಿ ತೆಗೆಯಿರಿ. ಮಕ್ಕಳ ಫೋಟೊಗೆ ಮನೆಯವರನ್ನು ಕೇಳಿ. ಯಾರಾದರೂ ಮುಖ ತಿರುಗಿಸಿದರೆ ಅದು ಉತ್ತರ. ಕೇಳಿದ ಮೇಲೆ ಐದು ನಿಮಿಷ ಸುಮ್ಮನೆ ಕೂತರೆ ಬಿಗಿದ ಮುಖ ಸಡಿಲವಾಗುತ್ತದೆ, ಕೈ ಮತ್ತೆ ಕೆಲಸಕ್ಕೆ ಹೋಗುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡುವ ಮೊದಲು ಅನುಮತಿ ಕೇಳಿ, ರೈಲು ಹಳಿಗಳ ಮೇಲಂತೂ ಇಳಿಯಲೇಬೇಡಿ.

## ಹಂತ 9: ಮನೆಗೆ ಬಂದ ಮೇಲೆ

ಅದೇ ರಾತ್ರಿ ಅಳಿಸಬೇಡಿ, ಒಂದೆರಡು ದಿನ ಬಿಡಿ. ಆಮೇಲೆ ಎಲ್ಲ ಚಿತ್ರಗಳನ್ನು ಹೆಬ್ಬೆರಳಿನ ಉಗುರಿನಷ್ಟು ಸಣ್ಣದಾಗಿ ಒಟ್ಟಿಗೆ ನೋಡಿ. ಆ ಅಳತೆಯಲ್ಲೂ ವಿಷಯ ಯಾವುದು ಎಂದು ತಿಳಿಯುವ ಚಿತ್ರಗಳನ್ನು ಬೇರೆ ಎತ್ತಿಡಿ. ತಿಳಿಯದವುಗಳಲ್ಲಿ ಯಾವ ಹಂತ ತಪ್ಪಿದೆ ಎಂದು ಹುಡುಕಿ. ಬಹುಪಾಲು 3 ಅಥವಾ 4 ಆಗಿರುತ್ತದೆ.

ವಾಲಿದ ಬಾನಂಚನ್ನು ಮೊದಲು ನೇರ ಮಾಡಿ, ಆಮೇಲೆ ಕತ್ತರಿಸಿ. ನೇರ ಮಾಡುವಾಗ ಅಂಚುಗಳು ಹೇಗೂ ಸ್ವಲ್ಪ ಕಳೆದುಹೋಗುತ್ತವೆ. ಅದಕ್ಕೆ ತೆಗೆಯುವಾಗಲೇ ಮರದ ತುದಿಗೂ ಫ್ರೇಮಿನ ಅಂಚಿಗೂ ನಡುವೆ ಒಂದು ಬೆರಳು ಜಾಗ ಬಿಟ್ಟಿರಿ. ತಪ್ಪಿದ ಚಿತ್ರದ ಜಾಗ, ತಿಂಗಳು, ಹೊತ್ತು, ನಿಂತ ಎತ್ತರ ಬರೆದಿಟ್ಟುಕೊಂಡು ಅದೇ ಹೊಲಕ್ಕೆ ಮತ್ತೆ ಹೋಗಿ. ಹೆಸರು ಕೊಯ್ದು ಜೋಳ, ಕಡಲೆ ಬಿತ್ತುವ ಹೊತ್ತಿಗೆ ನೆಲದ ಬಣ್ಣವೂ ಸೂರ್ಯನ ದಿಕ್ಕೂ ಎರಡೂ ಬದಲಾಗಿರುತ್ತವೆ, 1ನೇ ಹಂತದಿಂದಲೇ ಶುರು ಮಾಡಬೇಕಾಗುತ್ತದೆ.